ಮಕ್ಕಾದಿಂದ ಬಂದ ಒಂದು ‘ಬರತೇನಿ’

ನಮ್ಮ ಓಣಿಯ ದಸ್ತಗೀರಸಾಬರು ಹಜ್ ಯಾತ್ರೆಗೆ ಹೋದಾಗ ಅವರ ಮೊಬೈಲಿನ ಬ್ಯಾಲೆನ್ಸನ್ನು ಇಡೀ ಓಣಿ ಸೇರಿ ತಿಂದುಹಾಕಿತು.

ತಿಂದವರು ಯಾರೂ ಕೆಟ್ಟವರಲ್ಲ. ಹಿಟ್ಟಿನ ಗಿರಣಿಯವರು ಮೊಣಕಾಲು ನೋವಿಗೆ ಒಂದು ದುವಾ ಮಾಡಿಸೋಣ ಅಂತ ಫೋನ್ ಮಾಡಿದರು. ಹತ್ತಿ ವ್ಯಾಪಾರಿಗಳು ಪೇಟೆಯಲ್ಲಿ ದರ ಏರಲಿ ಅಂತ ಮಾಡಿದರು. ಅದೇ ಹತ್ತಿ ಕೊಳ್ಳುವ ಗಾದಿ ಅಂಗಡಿಯವರು ದರ ಇಳಿಯಲಿ ಅಂತ ಮಾಡಿದರು. (ದೇವರ ಕಷ್ಟ ದೇವರಿಗೇ ಗೊತ್ತು.) ಎದುರು ಮನೆಯಾಕೆ ‘ನಮ್ಮ ಹುಡುಗನ್ನ ಗಣಿತದಾಗ ಒಂದು ದಾಟಸ್ರಿ, ಉಳಿದದ್ದು ಅಂವ ನೋಡ್ಕೋತಾನ’ ಅಂತ ನೇರ ಮಕ್ಕಾಕ್ಕೇ ಅರ್ಜಿ ಹಾಕಿದಳು.

ನಾನು ಮಾಡಲಿಲ್ಲ. ದೊಡ್ಡತನ ಅಂದುಕೊಳ್ಳಬೇಡಿ. ಅವರ ನಂಬರು ನನ್ನ ಮೊಬೈಲಿನಲ್ಲಿ ಯಾವ ಹೆಸರಿನಡಿ ಹೋಗಿ ಕೂತಿದೆಯೋ ನನಗೆ ಸಿಗಲಿಲ್ಲ.

ಇಷ್ಟು ಜನ ಹೀಗೆ ಧೈರ್ಯವಾಗಿ ಪರದೇಶಕ್ಕೆ ಫೋನ್ ಹಚ್ಚಲು ಒಂದು ಕಾರಣವಿತ್ತು. ಅವರೆಲ್ಲ ಒತ್ತಿದ್ದು ದಸ್ತಗೀರಸಾಬರ ಬೈಲಹೊಂಗಲದ ಹಳೆಯ ನಂಬರನ್ನೇ. ಅವರ ಖಾತೆಯಿಂದ ಹೋದದ್ದು ಲೋಕಲ್ ಕಾಲಿನ ದುಡ್ಡಷ್ಟೇ. ಉಳಿದ ದೂರದ ದುಡ್ಡೆಲ್ಲ ಫೋನ್ ಎತ್ತಿದವರ ತಲೆಗೆ ಬೀಳುತ್ತದೆ ಅಂತ ನಮ್ಮ ಓಣಿಯಲ್ಲಿ ಯಾರಿಗೆ ಗೊತ್ತಿತ್ತು? ‘ಇನ್‌ಕಮಿಂಗ್ ಫ್ರೀ’ ಎಂಬ ಎರಡು ಶಬ್ದಗಳನ್ನು ನಾವು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡ ಕಾಲ ಇದು. ಆ ಮಗ್ಗಿ ಸಮುದ್ರದಾಚೆ ನಡೆಯುವುದಿಲ್ಲ.

ಬಜಾರದ ಮೊಬೈಲ್ ಅಂಗಡಿಯವನು ಇಂಟರ್‌ನ್ಯಾಷನಲ್ ರೋಮಿಂಗ್ ಚಾಲೂ ಮಾಡಿಕೊಡುವಾಗ ಹೇಳಿದ್ದನಂತೆ. “ಅಲ್ಲಿ ಫೋನ್ ಬಂದ್ರೂ ರೊಕ್ಕ ಹೋಗತೈತ್ರಿ ಚಾಚಾ.”

ಚಾಚಾ ನಂಬಲಿಲ್ಲ. “ಮಾಡಿದಾಂವ ರೊಕ್ಕ ಕೊಡಬೇಕಪಾ, ಎತ್ತಿದಾಂವ ಯಾಕ್ ಕೊಡಬೇಕು? ಬೀಗರ ಮನಿಗೆ ಉಣ್ಣಾಕ ಹೋದ್ರ ನಾ ಬಿಲ್ ಕೊಟ್ಟ ಬರತೇನೇನು?” ಎಂದರಂತೆ.

ನ್ಯಾಯವಾದ ಮಾತು. ಕಂಪನಿಯವರಿಗೆ ಬೀಗರ ಮನೆಯ ನ್ಯಾಯ ಗೊತ್ತಿರಬೇಕಷ್ಟೆ.

ಇದನ್ನೆಲ್ಲ ನಾನು ನಗುತ್ತಲೇ ಬರೆಯಬೇಕು ಅಂತಿದ್ದೆ. ಹೋದ ತಿಂಗಳವರೆಗೂ ಇದು ನಮ್ಮ ಓಣಿಯಲ್ಲಿ ನಗುವ ಸಂಗತಿಯೇ ಆಗಿತ್ತು. ಪರೀಕ್ಷೆಯ ಡ್ಯೂಟಿ ಮೇಲೆ ನಾನು ಕಟಕೋಳಕ್ಕೆ ಹೋಗಿ ಬಂದ ಮೇಲೆ ನಗು ಬರುತ್ತಿಲ್ಲ.

ಮೊದಲು ದಸ್ತಗೀರಸಾಬರ ಬಗ್ಗೆ ಹೇಳಬೇಕು. ನದಾಫರ ಮನೆಯವರು. ಅವರ ಅಪ್ಪ ಮನೆಮನೆಗೆ ಹೋಗಿ ಹತ್ತಿ ಹಿಂಜುತ್ತಿದ್ದರು. ಮನೆಯಲ್ಲಿ ಆಡುವುದು ಕನ್ನಡವೇ. (ನಮ್ಮ ಸಾಲಿಯ ಮಕ್ಕಳಿಗಿಂತ ಒಳ್ಳೆಯ ಕನ್ನಡ ಅಂತ ಒಬ್ಬ ಕನ್ನಡ ಟೀಚರಾಗಿ ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೇನೆ.) ಇವರು ಹತ್ತಿ ಬಿಟ್ಟು ಸ್ಟಿಯರಿಂಗ್ ಹಿಡಿದರು. ಒಂದು ಬಿಳಿ ಅಂಬಾಸಿಡರ್ ಇದೆ. ಬೈಲಹೊಂಗಲದ ಸುತ್ತಮುತ್ತ ಮದುಮಗಳನ್ನು ಗಂಡನ ಮನೆಗೆ ಕಳಿಸುವುದೆಂದರೆ ಅದೇ ಗಾಡಿ. ಸಂಗೊಳ್ಳಿಯಿರಲಿ, ಸವದತ್ತಿಯಿರಲಿ, ಜಾತಿ ಯಾವುದೇ ಇರಲಿ, ಲಗ್ನದ ದಿನ ಗೊತ್ತಾದೊಡನೆ ಜನ ಮೊದಲು ಛತ್ರ ಹಿಡಿಯುತ್ತಾರೆ, ಆಮೇಲೆ ದಸ್ತಗೀರಸಾಬರನ್ನು ಹಿಡಿಯುತ್ತಾರೆ.

ಅವರ ಗಾಡಿಗೆ ಅಷ್ಟು ಬೇಡಿಕೆ ಯಾಕೆ? ಹೊಸ ಸುಮೋ, ಕ್ರೂಸರ್ ಬೇಕಾದಷ್ಟಿವೆ. ಎಸಿ ಇರುವ ಗಾಡಿಗಳೂ ಬಂದಿವೆ.

ಕಾರಣ ಹೆಂಗಸರಿಗೆ ಗೊತ್ತು. ಮದುಮಗಳನ್ನು ಕೂಡಿಸಿಕೊಂಡು ಹೊರಟ ದಸ್ತಗೀರಸಾಬರು ಊರ ಹೆಬ್ಬಾಗಿಲಾದ ಅಗಸಿಯ ಬಳಿ ಬಂದಾಗ ಗಾಡಿ ನಿಲ್ಲಿಸುತ್ತಾರೆ. ಒಂದು ನಿಮಿಷ. ಕೆಳಗಿಳಿದು ಟಾಯರ್ ನೋಡಿದ ಹಾಗೆ ಮಾಡುತ್ತಾರೆ. ಟಾಯರಿಗೆ ಏನೂ ಆಗಿರುವುದಿಲ್ಲ. ಅಷ್ಟರಲ್ಲಿ ಹುಡುಗಿ ಹಿಂದಿನ ಗಾಜಿನಿಂದ ತನ್ನ ಊರನ್ನು ಒಮ್ಮೆ ನೋಡಿಕೊಳ್ಳುತ್ತಾಳೆ. ಅಳುವವಳು ಅಳುತ್ತಾಳೆ, ಮೂಗು ಒರೆಸಿಕೊಳ್ಳುತ್ತಾಳೆ. ಆಮೇಲೆ ಗಾಡಿ ಹೊರಡುತ್ತದೆ. ಗಂಡಿನ ಕಡೆಯವರು ಎಷ್ಟೇ ಗದರಿಸಲಿ, ರಾಹುಕಾಲ ಬಂತು ಅನ್ನಲಿ, ಆ ನಿಮಿಷ ತಪ್ಪುವುದಿಲ್ಲ. ನನ್ನ ಅಕ್ಕನ ಮಗಳನ್ನು ಅವರೇ ಒಯ್ದರು. ಇವತ್ತಿಗೂ ಅವಳು ತನ್ನ ಮದುವೆಯ ಮಾತು ಬಂದರೆ ಊಟದ ಸುದ್ದಿ ಎತ್ತುವುದಿಲ್ಲ, ಆ ನಿಮಿಷದ ಸುದ್ದಿಯನ್ನೇ ಹೇಳುತ್ತಾಳೆ.

ಇನ್ನು ಹಜ್ ಸಂಗತಿ. ಹಜ್‌ಗೆ ಹೊರಟವರು ಮನೆಮನೆಗೆ ಹೋಗಿ ಮಾಫಿ ಕೇಳುವ ರೂಢಿ ನಿಮಗೆ ಗೊತ್ತಿರಬಹುದು. ಯಾರದೂ ಮನಸ್ಸು ನೋಯಿಸಿ ಅಲ್ಲಿಗೆ ಹೋಗಬಾರದು. ದಸ್ತಗೀರಸಾಬರು ನಮ್ಮ ಮನೆಗೂ ಬಂದಿದ್ದರು. ಕೈ ಜೋಡಿಸಿ, “ಅಕ್ಕಾರ, ಇಷ್ಟ ವರ್ಷದಾಗ ಏನರ ತಪ್ಪ ಮಾತಾಡಿದ್ರ ಮಾಫ್ ಮಾಡ್ರಿ” ಎಂದರು.

“ಬೆಳಗಾವಿ ತನಕ ಹಾರ್ನ್ ಬಾರಿಸಿ ನನ್ನ ತಲಿ ತಿಂದದ್ದೂ ಮಾಫ್” ಎಂದೆ. ನಕ್ಕರು. ಆಮೇಲೆ ನಾನೇ ಕೇಳಿದೆ. “ಕಟಕೋಳಕ್ಕ ಹೋಗಿ ಬಂದ್ರೇನು?”

ನಗು ನಿಂತಿತು. “ಎಲ್ಲಾರ ಮನಿ ಮುಗಿಸಿ ಕಡೀಕ ಹೋಗಾಂವ ಅದೇನ್ರಿ” ಎಂದರು.

ಕಟಕೋಳದಲ್ಲಿ ಅವರ ಒಬ್ಬಳೇ ತಂಗಿ ಜೈನಾಬಿ ಇದ್ದಾಳೆ. ನಮ್ಮ ಮನೆಯ ಗಾದಿಗಳನ್ನೆಲ್ಲ ಹೊಲಿದವಳು. ಗಂಡ ತೀರಿಕೊಂಡಿದ್ದಾನೆ, ಶಮೀಮ ಎಂಬ ಮಗಳಿದ್ದಾಳೆ. ಅಣ್ಣ ತಂಗಿಯ ನಡುವೆ ಕೆಲವು ವರ್ಷಗಳಿಂದ ಹೋಗುವುದು ಬರುವುದು ನಿಂತಿತ್ತು. ಅವರ ತಾಯಿ ಹೋದ ಮೂರನೇ ದಿನದ ಕಾರ್ಯದಲ್ಲಿ ಯಾವುದೋ ಮಾತಿಗೆ ಮಾತು ಬೆಳೆದು ಇವರು, “ನಿಂದೇನ ತಂಗಿ, ನೀ ಉಂಡ ಹೋಗಾಕಿ. ಅವ್ವನ್ನ ನೋಡಿದಾಂವ ನಾನು” ಎಂದುಬಿಟ್ಟರು. ಜೈನಾಬಿ ತಾಟಿನ ಮುಂದೆ ಕೂತಿದ್ದವಳು ಉಣ್ಣದೆ ಎದ್ದು ಹೋದಳು. ಅಷ್ಟೇ. ಇಂಥ ಜಗಳಗಳಿಗೆ ದೊಡ್ಡ ಕಾರಣ ಬೇಕಾಗುವುದಿಲ್ಲ. ನಿಮ್ಮ ಮನೆಯಲ್ಲೂ ಒಂದು ಇದ್ದೀತು, ನೆನಪಿಸಿಕೊಳ್ಳಿ.

ದಸ್ತಗೀರಸಾಬರು ಕಟಕೋಳಕ್ಕೆ ಹೋಗಲಿಲ್ಲ. ಬೆಂಗಳೂರಿನ ಹಜ್ ಕ್ಯಾಂಪಿಗೆ ಅಂದುಕೊಂಡದ್ದಕ್ಕಿಂತ ಬೇಗ ಬರಬೇಕೆಂದು ಅಲ್ಲಿಯವರು ಹೇಳಿಕಳಿಸಿದರು. ಕಡೆಗೆ ಇಟ್ಟುಕೊಂಡ ಮನೆ ಕಡೆಗೇ ಉಳಿಯಿತು.

ಮುಂದಿನದನ್ನು ನಾನು ಕಟಕೋಳದಲ್ಲಿ ಕೇಳಿದೆ.

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ನನ್ನನ್ನು ಅಲ್ಲಿಗೆ ಸಿಟಿಂಗ್ ಸ್ಕ್ವಾಡ್ ಅಂತ ಹಾಕಿದ್ದರು. ಅಂದರೆ, ಕಾಪಿ ಮಾಡುವ ಮಕ್ಕಳನ್ನು ದಿನವಿಡೀ ದುರುಗುಟ್ಟಿ ನೋಡುವ ಕೆಲಸ. ಪೇಪರ್ ಮುಗಿಸಿ ಬಿಸಿಲಲ್ಲಿ ಬಸ್ ಸ್ಟ್ಯಾಂಡಿಗೆ ಹೊರಟವಳನ್ನು ಜೈನಾಬಿ ಬಾಗಿಲಲ್ಲೇ ಹಿಡಿದಳು.

“ಅಕ್ಕಾರ, ನಮ್ಮೂರಿಗೆ ಬಂದ ನಮ್ಮನಿ ಮುಂದ ಹಾದ ಹೊಕ್ಕೀರಿ? ಬರ್ರಿ ಒಳಗ, ಕುಂತ್ರಿ.”

ಕೂತೆ. ನೀರು ಕೊಟ್ಟಳು, ಚಹಾ ಇಟ್ಟಳು. ಗೋಡೆಯ ಮೇಲೆ ಹೊಸ ಫೋಟೋ. ಶಮೀಮ ಮದುಮಗಳಾಗಿ ಕೂತಿದ್ದಾಳೆ. ನನಗೆ ಸುದ್ದಿಯೇ ಇರಲಿಲ್ಲ. “ಅಯ್ಯ, ಲಗ್ನ ಆತೇನು? ಎಲ್ಲಿಗೆ ಕೊಟ್ಟಿ?” ಎಂದೆ.

“ಕಿತ್ತೂರಿಗ್ರಿ. ಹೈವೇ ಮ್ಯಾಲ ಹುಡುಗಂದು ಟಾಯರ್ ಅಂಗಡಿ ಐತಿ. ಚಲೋ ಅದಾನ್ರಿ.” ಆಮೇಲೆ ಸ್ಟೋವಿನ ಕಡೆ ಮುಖ ಮಾಡಿಕೊಂಡೇ ಹೇಳಿದಳು. “ಅಣ್ಣ ಬರತೇನಿ ಅಂದಿದ್ನರಿ. ಬರಲಿಲ್ಲ.”

ನಾನು ಕಿವಿ ನೆಟ್ಟಗೆ ಮಾಡಿದೆ. “ಯಾವಾಗ ಅಂದ್ರು?”

“ಮಕ್ಕಾದಾಗಿಂದ ಅಂದಾನ್ರಿ. ಅಲ್ಲಿ ನಿಂತ ಅಂದಾನ. ಅಲ್ಲಿ ಯಾರರ ಸುಳ್ಳ ಹೇಳತಾರೇನ್ರಿ?”

ನಡೆದದ್ದು ಇದು. ಶಮೀಮಳ ಮದುವೆ ಗೊತ್ತಾದಾಗ ಅಣ್ಣ ಹಜ್‌ನಲ್ಲಿದ್ದರು. ತನಗೆ ಮಾಫಿ ಕೇಳದೆ ಹೋದರು ಎಂಬ ಸಿಟ್ಟು ಜೈನಾಬಿಗೆ ಇತ್ತು. ಆದರೆ ಅಪ್ಪನಿಲ್ಲದ ಹುಡುಗಿ. ಕೈ ಹಿಡಿದು ಗಾಡಿಗೆ ಹತ್ತಿಸುವವನು ಸೋದರಮಾವ. ಅವರಲ್ಲೂ ಹಾಗೇ, ನಮ್ಮಲ್ಲೂ ಹಾಗೇ. ಸಿಟ್ಟನ್ನು ನುಂಗಿ, ಕೈಯಲ್ಲಿ ಒಂದು ಹಿಡಿ ಒಂದು ರೂಪಾಯಿ ನಾಣ್ಯ ಹಿಡಿದುಕೊಂಡು, ಕಿರಾಣಿ ಅಂಗಡಿಯ ಮುಂದಿನ ಕಾಯಿನ್ ಬಾಕ್ಸ್ ಫೋನಿಗೆ ಹೋದಳು. ಹಳೆಯ ನಂಬರು ಒತ್ತಿದಳು. ಮಕ್ಕಾದಲ್ಲಿ ರಿಂಗಾಯಿತು. ಒಂದು ರೂಪಾಯಿಯಲ್ಲಿ.

ಮಾತು ಹೇಗೆ ನಡೆಯಿತು ಅನ್ನುವುದನ್ನು ಆಮೇಲೆ ನಾನು ಅಣ್ಣನ ಬಾಯಿಂದಲೂ ಕೇಳಿದ್ದೇನೆ. ಎರಡೂ ಕೂಡಿಸಿ ಬರೆಯುತ್ತೇನೆ.

“ಅಣ್ಣಾ, ನಾ ಜೈನಾಬಿ. ಆರಾಮ ಅದೀ?”

“ತಂಗೀ... ಆರಾಮ ಅದೇನವಾ. ನೀ ಆರಾಮ ಅದೀ?”

“ನಾ ಆರಾಮ. ಊಟಾ ಆತೇನು?”

“ಈಗ ಪಾಳೇದಾಗ ನಿಂತೇನಿ. ನಿಂದಾತೇನು?”

“ನಂದಾತು. ಅಲ್ಲಿ ಥಂಡಿ ಐತೇನು? ಕಾಲ ನೋವು ಹೆಂಗೈತಿ?”

“ಥಂಡಿ ಇಲ್ಲ. ಕಾಲು ಪರವಾಗಿಲ್ಲ. ಶಮೀಮ ಹೆಂಗದಾಳ? ಜ್ವಾಳ ಹೆಂಗ ಅದಾವ ನಿಮ್ಮ ಕಡೆ?”

“ಜ್ವಾಳ ಚಲೋ ಅದಾವ. ಅಣ್ಣಾ, ಶಮೀಮಂದು ಲಗ್ನ...”

ಇಲ್ಲಿ ‘ಟೂಂ ಟೂಂ’ ಎಂದಿತು. ಅದು ಎಲ್ಲಿಯ ಟೂಂ ಟೂಂ? ಜೈನಾಬಿ ತನ್ನ ನಾಣ್ಯ ಮುಗಿಯಿತು ಅಂದುಕೊಂಡು ಇನ್ನೊಂದು ತೂರಿಸಿದಳು. ಆದರೆ ಮುಗಿಯುತ್ತಿದ್ದದ್ದು ಆ ಕಡೆಯ ಬ್ಯಾಲೆನ್ಸು. ದಸ್ತಗೀರಸಾಬರಿಗೆ ‘ಶಮೀಮಂದು’ ಅಂದದ್ದು ಕೇಳಿತು, ‘ಲಗ್ನ’ ಕೇಳಲಿಲ್ಲ. ಕಿವಿಯಲ್ಲಿ ಗಂಟೆ ಬಡಿಯುತ್ತಿತ್ತು. ಗಡಿಬಿಡಿಯಲ್ಲಿ, “ಆತು ತಂಗಿ, ಬರತೇನಿ” ಎಂದರು. ಕಟ್ಟಾಯಿತು.

ನೋಡಿದಿರಾ?

ನಮ್ಮ ಕಡೆ ಹೋಗುವವನು ‘ಹೋಗತೇನಿ’ ಅನ್ನುವುದಿಲ್ಲ. ಅದು ಅಪಶಕುನ. ಊರಿಗೆ ಹೋಗುವವನೂ ‘ಬರತೇನಿ’, ಅಂಗಡಿಯಿಂದ ಎದ್ದವನೂ ‘ಬರತೇನಿ’, ಇನ್ನು ಜನ್ಮದಲ್ಲಿ ನಿನ್ನ ಹೊಸ್ತಿಲು ತುಳಿಯುವುದಿಲ್ಲ ಅಂತ ಸಿಟ್ಟಾಗಿ ಹೊರಟವನೂ ಬಾಗಿಲಲ್ಲಿ ನಿಂತು ‘ಬರತೇನಿ’ ಎಂದೇ ಹೋಗುತ್ತಾನೆ. ಹೊಸ ಹುಡುಗರು ಫೋನಿಗೆ ‘ಇಡತೇನಿ’ ಅಂತಾರೆ. ದಸ್ತಗೀರಸಾಬರಂಥ ಹಳಬರಿಗೆ ಫೋನೂ ಒಂದು ಮನೆಯೇ. ಹೋಗಿ ಕೂತು, ಊಟ ವಿಚಾರಿಸಿ, ಮಳೆ ಬೆಳೆ ವಿಚಾರಿಸಿ, ‘ಆತು, ಬರತೇನಿ’ ಅಂತ ಎದ್ದು ಬರುವ ಮನೆ. ಅವರು ‘ಬರತೇನಿ’ ಅಂದದ್ದು ಹೋಗುತ್ತೇನೆ ಎಂಬ ಅರ್ಥದಲ್ಲಿ.

ಜೈನಾಬಿ ಕೇಳಿದ್ದು? ಲಗ್ನ ಎಂದಳು. ಅಣ್ಣ ‘ಆತು, ಬರತೇನಿ’ ಎಂದ. ಕರೆದಳು, ಒಪ್ಪಿದ. ಇದಕ್ಕಿಂತ ನಿಚ್ಚಳವಾದ ಮಾತು ಇನ್ನೆಲ್ಲಿದೆ?

ಅವಳು ಹಗುರಾಗಿ ಮನೆಗೆ ಬಂದಳು. ಮೈದುನಂದಿರು ಲಗ್ನಪತ್ರಿಕೆ ಹಂಚಲು ಹೊರಟಾಗ, “ಬೈಲಹೊಂಗಲಕ್ಕ ಹೋಗೂದ ಬ್ಯಾಡ, ಅಣ್ಣಗ ನಾನ ಹೇಳೇನಿ. ಮಕ್ಕಾಕ್ಕ ಹೇಳೇನಿ” ಎಂದಳು. ಹೆಮ್ಮೆಯಿಂದ ಹೇಳಿದಳಂತೆ. ಮದುಮಗಳಿಗೆ ಗಾಡಿ ಗೊತ್ತು ಮಾಡಲೂ ಬಿಡಲಿಲ್ಲ. “ಊರ ಮಂದಿ ಮಕ್ಕಳನ್ನೆಲ್ಲಾ ಅಂವನ ಗಾಡ್ಯಾಗ ಕಳಿಸ್ತಾರ. ಅಂವನ ಸೋದರ ಸೊಸಿ ಬ್ಯಾರೇದಾವ್ರ ಗಾಡ್ಯಾಗ ಹೋಗಬೇಕೇನ್ರಿ?” ಅಂತ ನನ್ನನ್ನೇ ಕೇಳಿದಳು.

ಹಜ್ ಮುಗಿಸಿ ಅಣ್ಣ ಬಂದ ಸುದ್ದಿ ಬಂತು. ಇಂದು ಬಂದಾನು, ನಾಳೆ ಬಂದಾನು ಅಂತ ಕಾದಳು. ಇನ್ನೊಮ್ಮೆ ಫೋನ್ ಮಾಡಬಾರದಿತ್ತೇ ಎಂದೆ. “ಹೆಂಗ ಮಾಡ್ಲ್ರಿ? ಬರತೇನಿ ಅಂದ ಅಣ್ಣಗ ಬರತೀಯೋ ಇಲ್ಲೋ ಅಂತ ಕೇಳಿದ್ರ ಅಂವನ ಮಾತ ನಂಬಲಾರದಂಗ ಆತಲ್ರಿ. ಅದೂ ಹಾಜಿ ಆಗಿ ಬಂದಾನ.”

ಮದುವೆಯ ಹಿಂದಿನ ಸಂಜೆ ಮೈದುನ ರಾಮದುರ್ಗಕ್ಕೆ ಓಡಿ, ಸಿಕ್ಕ ಒಂದು ಕ್ರೂಸರ್ ಹಿಡಿದುಕೊಂಡು ಬಂದ.

ಚಹಾ ಆರಿಹೋಗಿತ್ತು. ಕುಡಿದೆ. ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ಮನೆ ಮುಟ್ಟುವವರೆಗೆ ನನಗೆ ಒಂದೇ ಯೋಚನೆ. ದಸ್ತಗೀರಸಾಬರು ಹೀಗೆ ಮಾಡುವವರಲ್ಲವಲ್ಲ? ಆ ಸಂಜೆಯೇ ಅವರ ಕಟ್ಟೆಗೆ ಹೋದೆ. ಎದ್ದು ನಿಂತರು. ಖರ್ಜೂರ ತರಿಸಿದರು. ನಾನು ತಡೆದುಕೊಳ್ಳಲಿಲ್ಲ, ಸಿಡುಕಿನಲ್ಲೇ ಕೇಳಿದೆ. “ಅಲ್ರೀ, ತಂಗಿಗೆ ಮಕ್ಕಾದಾಗ ನಿಂತು ಬರತೇನಿ ಅಂತ ಮಾತು ಕೊಟ್ಟು ಲಗ್ನಕ್ಕ ಹೋಗಲಿಲ್ಲಂತಲ್ಲ?”

ಅವರು ನನ್ನನ್ನು ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ.

“ಆಕಿ ನನ್ನ ಕರೀಲಿಲ್ರಿ ಅಕ್ಕಾರ.”

“ಫೋನ್ ಮಾಡಿ ಕರದಾಳಂತ.”

“ಫೋನ್ ಮಾಡಿದ್ಲರಿ. ಆರಾಮ ಕೇಳಿದ್ಲು. ನಾ ಅಂದ್ಕೊಂಡ್ನಿ, ಸಿಟ್ಟ ಇಳೀತು, ಮಾಫ್ ಮಾಡಿದ್ಲು ಅಂತ. ಅಲ್ಲೇ ನಿಂತ ಅತ್ತೇನ್ರಿ ನಾ. ಮಂದಿ ಎಲ್ಲಾ ಊಟದ ಪಾಳೇದಾಗ ಇವಗ್ಯಾಕ ಅಳೂ ಬಂತು ಅಂತ ನೋಡಾಕತ್ತಿದ್ರು.” ಖರ್ಜೂರದ ತಾಟನ್ನು ನನ್ನ ಕಡೆ ಸರಿಸಿದರು. “ಬಂದ ಮ್ಯಾಲ ದಿನಾ ದಾರಿ ನೋಡಿದ್ನಿ. ಹಜ್ ಮಾಡಿ ಬಂದಾವ್ರನ್ನ ನೋಡಾಕ ಎಲ್ಲಾರೂ ಬರತಾರ್ರಿ. ಪರ ಊರಾವ್ರು ಬಂದ್ರು, ನೀರ ಕುಡದ ಹೋದ್ರು. ಆಕಿ ಬರಲಿಲ್ಲ. ಮುಂದ ಯಾರೋ ಲಗ್ನದ ಸುದ್ದಿ ಹೇಳಿದ್ರು. ಕರೀಲಾರದ ಹೆಂಗ ಹೋಗ್ಲಿ? ಇನ್ನೂ ಸಿಟ್ಟ ಐತಿ, ಅಂವಾ ಬರೂದ ಬ್ಯಾಡ ಅಂದಾಳ ಅಂದ್ಕೊಂಡ್ನಿ.”

ಎಂಥ ಚೆಂದದ ಕಾಯುವಿಕೆ ನೋಡಿ. ಹಾಜಿಯ ಮನೆಗೆ ಜನ ಬರುವುದು ರೂಢಿ, ಹಾಗಾಗಿ ತಂಗಿ ಬರಲಿ ಅಂತ ಅಣ್ಣ ಕೂತರು. ಬರತೇನಿ ಅಂದವರು ಬರುವುದು ರೂಢಿ, ಹಾಗಾಗಿ ಅಣ್ಣ ಬರಲಿ ಅಂತ ತಂಗಿ ಕೂತಳು. ಇಬ್ಬರೂ ಮರ್ಯಾದೆಯವರು. ಒಬ್ಬರಾದರೂ ಸ್ವಲ್ಪ ಮಾನಗೆಟ್ಟವರಾಗಿದ್ದರೆ ಮದುವೆ ಸರಿಯಾಗಿ ನಡೆಯುತ್ತಿತ್ತು.

ಮದುವೆಯ ದಿನ ದಸ್ತಗೀರಸಾಬರು ಬೇರೆ ಬಾಡಿಗೆ ಹಿಡಿಯಲಿಲ್ಲ. ಬೆಳಿಗ್ಗೆಯೇ ಗಾಡಿ ತೊಳೆದರು. ಫೋನನ್ನು ಅಂಗಿಯ ಮೇಲಿನ ಕಿಸೆಯಲ್ಲಿಟ್ಟುಕೊಂಡು ಕಾರ್ ಸ್ಟ್ಯಾಂಡಿನಲ್ಲಿ ನಿಂತರು. ಕಡೆಗಳಿಗೆಯಲ್ಲಾದರೂ ಕರೆದಾಳು ಅಂತ. ಕಟಕೋಳದಿಂದ ಕಿತ್ತೂರಿಗೆ ಹೋಗುವ ಗಾಡಿ ಬೈಲಹೊಂಗಲ ದಾಟಿಯೇ ಹೋಗಬೇಕು.

“ಮಧ್ಯಾಹ್ನದ ಮ್ಯಾಲ ಹೂವ ಹಚ್ಚಿದ ಕ್ರೂಸರ್ ಒಂದ ಬಂತ್ರಿ. ರಾಮದುರ್ಗದ ಗಾಡಿ ಅಂತ ಗುರ್ತ ಸಿಕ್ತು. ಅಂವ ಎಷ್ಟ ಜೋರ ಹೊಡದಾನ್ರಿ. ಹಿಂದ ಮದಿಮಗಳ ಕುಂತಾಳ ಅನ್ನೂ ಖಬರಿಲ್ಲ.” ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ನನ್ನ ಸಿಡುಕು ಎಲ್ಲಿ ಹೋಯಿತೋ ಗೊತ್ತಿಲ್ಲ. ನನಗೂ ಕಣ್ಣು ತುಂಬಿತು.

ಇಷ್ಟೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂದರೆ, ಹೋದ ವಾರ ಪೇಪರಿನ ಒಳಪುಟದಲ್ಲಿ ಒಂದು ಸಣ್ಣ ಸುದ್ದಿ ಓದಿದೆ. ಯುರೋಪಿನ ದೇಶಗಳವರು ಕೂಡಿ ಕಾನೂನು ಮಾಡಿದ್ದಾರಂತೆ. ಒಂದು ದೇಶದಿಂದ ಇನ್ನೊಂದಕ್ಕೆ ಹೋದವರ ಮೊಬೈಲಿಗೆ ಕಂಪನಿಗಳು ಇಷ್ಟಕ್ಕಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ ಅಂತ. ನಮ್ಮಲ್ಲೂ ದೇಶದೊಳಗಿನ ರೋಮಿಂಗಿಗೆ ಮೂಗುದಾರ ಹಾಕಿದ್ದಾರೆ. ಪುಣೆಗೆ ಹೋಗಿ ಮಾತಾಡಿದರೆ ಮೊದಲಿನಷ್ಟು ಎದೆ ಬಡಿದುಕೊಳ್ಳುವುದಿಲ್ಲ. ದೇಶದ ಗಡಿ ದಾಟಿದ ಮೇಲೆ? ಅಲ್ಲಿ ನಮ್ಮ ಕಂಪನಿ ‘ಅವರ ದರ’ ಅನ್ನುತ್ತದೆ, ಅವರ ಕಂಪನಿ ‘ನಿಮ್ಮ ದರ’ ಅನ್ನುತ್ತದೆ. ಎರಡರ ನಡುವೆ ಪಾಳಿಯಲ್ಲಿ ನಿಂತ ದಸ್ತಗೀರಸಾಬರ ಬ್ಯಾಲೆನ್ಸ್ ಏನೂ ಅನ್ನುವುದಿಲ್ಲ, ಅದು ಖಾಲಿ.

ಪರದೇಶಕ್ಕೆ ಹೋಗುವವರು ಶ್ರೀಮಂತರು, ಕೊಟ್ಟರೆ ಕೊಡಲಿ ಅಂತ ನಾನೂ ಅಂದುಕೊಂಡಿದ್ದೆ. ದಿಲ್ಲಿಯಲ್ಲಿ ಕೂತವರೂ ಹಾಗೇ ಅಂದುಕೊಂಡಿರಬೇಕು. ಸೂಟು ಬೂಟಿನವರ ಬಿಲ್ಲನ್ನು ಅವರ ಆಫೀಸು ಕೊಡುತ್ತದೆ. ಆದರೆ ನಮ್ಮ ತಾಲೂಕುಗಳಿಂದ ಪ್ರತಿ ವರ್ಷ ಹೋಗುವವರು ಯಾರು? ಜೀವಮಾನವೆಲ್ಲ ಕೂಡಿಟ್ಟು ಒಂದೇ ಸಲ ಹಜ್‌ಗೆ ಹೋಗುವ ಡ್ರೈವರುಗಳು, ಗಾದಿ ಹೊಲಿಯುವವರು. ಮಸ್ಕತ್ತಿನಲ್ಲಿ ಯಾರದೋ ಮನೆಯ ಮುಂಜಿವೆಗೆ ಮಂತ್ರ ಹೇಳಲು ಹೋಗುವ ನಮ್ಮ ಪೈಕಿ ಆಚಾರ್ಯರು. (ಅವರೂ ಹೋದ ವರ್ಷ ಫೋನಿನಲ್ಲೇ ಯಾರಿಗೋ ಮುಹೂರ್ತ ಹೇಳಿಕೊಟ್ಟು, ಬಂದ ದಕ್ಷಿಣೆಯಲ್ಲಿ ಅರ್ಧ ಕಂಪನಿಗೆ ಒಪ್ಪಿಸಿ ಬಂದರು.)

ಬುದ್ಧಿವಂತರು ಕೇಳಬಹುದು. ಅಷ್ಟು ದುಬಾರಿ ಅಂದಮೇಲೆ ನೇರ ವಿಷಯಕ್ಕೆ ಬರಬೇಕಪ್ಪ, ಊಟ ಆಯಿತೇ, ಜೋಳ ಹೇಗಿದೆ ಅಂತ ಯಾಕೆ ಕೇಳಬೇಕು?

ಕೇಳಬೇಕು. ಅಷ್ಟು ವರ್ಷ ಮಾತು ಬಿಟ್ಟ ತಂಗಿ, ಅಣ್ಣ ಫೋನ್ ಎತ್ತಿದ ಕೂಡಲೇ ‘ಲಗ್ನ ಐತಿ, ಬಾ’ ಅನ್ನುತ್ತಾಳೆಯೇ? ಅಂದರೆ ಅದು ಕರೆಯೇ? ಉಣ್ಣದೆ ಎದ್ದು ಹೋದವಳು ‘ಊಟಾ ಆತೇನು’ ಅಂತ ಕೇಳಿದಳಲ್ಲ, ಅದೇ ಅವಳ ಮಾಫಿ. ಅದು ಅಣ್ಣನಿಗೆ ಅರ್ಥವಾಯಿತು. ಅದಕ್ಕೇ ಪಾಳಿಯಲ್ಲಿ ನಿಂತು ಅತ್ತರು. ಆ ಮಾತಿಗೆ ನಿಮಿಷ ಖರ್ಚಾಯಿತು, ಮದುವೆಗೆ ಉಳಿಯಲಿಲ್ಲ. ಇನ್ನೊಂದು ವಾಕ್ಯಕ್ಕೆ ಜಾಗವಿದ್ದಿದ್ದರೆ ಸಾಕಿತ್ತು. ‘ಎಲ್ಲಿಗೆ ಬರತೀ ಅಣ್ಣಾ?’ ಅಂತ ಅವಳು ಕೇಳುತ್ತಿದ್ದಳು, ಅಥವಾ ‘ಏನಂದಿ ತಂಗಿ?’ ಅಂತ ಇವರು ಕೇಳುತ್ತಿದ್ದರು. ನನ್ನ ಕ್ಲಾಸಿನಲ್ಲಿ ನಾನು ಹೇಳುವುದುಂಟು, ಶಬ್ದಕ್ಕೆ ಅರ್ಥ ಬರುವುದು ಅಕ್ಕಪಕ್ಕದ ಶಬ್ದಗಳಿಂದ ಅಂತ. ಇಲ್ಲಿ ಅಕ್ಕಪಕ್ಕದವುಗಳನ್ನು ಮೀಟರ್ ನುಂಗಿತು.

ಕಟ್ಟೆಯ ಮೇಲೆ ಆ ಮಾತಾದ ಮುಂದಿನ ಭಾನುವಾರ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಅಂಬಾಸಿಡರ್ ಬಂದು ನಿಂತಿತು. “ಅಕ್ಕಾರ, ಕಟಕೋಳಕ್ಕ ಹೊಂಟೇನಿ. ನೀವೂ ಬರ್ರಿ. ನಾ ಹೇಳಿದ್ರ ನೆವಾ ಹೇಳಾಕತ್ತಾನ ಅಂತಾಳ, ನೀವ ತಿಳಿಸಿ ಹೇಳ್ರಿ.” ಮುಂದಿನ ಸೀಟಿನಲ್ಲಿ ಮಕ್ಕಾದಿಂದ ತಂದ ಪವಿತ್ರ ಝಮ್‌ಝಮ್ ನೀರಿನ ಕ್ಯಾನು, ಖರ್ಜೂರದ ಡಬ್ಬಿ, ಶಮೀಮಳಿಗೆ ಒಂದು ಹಸಿರು ಸೀರೆ. ನಾನು ಹಿಂದೆ ಕೂತೆ. ದಾರಿಯುದ್ದಕ್ಕೂ ಒಮ್ಮೆಯೂ ಹಾರ್ನ್ ಬಾರಿಸಲಿಲ್ಲ.

ತಿಳಿಸಿ ಹೇಳುವ ಕೆಲಸ ನನಗೆ ಬೀಳಲಿಲ್ಲ. ಜೈನಾಬಿ ಬಾಗಿಲಿಗೆ ಬಂದಳು. ನೋಡಿದಳು.

“ಬಂದಿ?”

“ಬಂದ್ನಿ ತಂಗಿ. ನನಗ ಲಗ್ನ ಅಂದದ್ದ ಕೇಳಿಸಲೇ ಇಲ್ಲವಾ. ಫೋನಿನ್ಯಾಗಿನ ರೊಕ್ಕ ತೀರಿತ್ತು.”

“ನಾ ಮತ್ತೊಂದ ರೂಪಾಯಿ ಹಾಕಿದ್ನಲ್ಲೋ ಅಣ್ಣಾ” ಎಂದಳು.

ಆಮೇಲೆ ಅತ್ತರು, ಉಂಡರು. ತಾಟು ಇಟ್ಟು ಅಣ್ಣನ ಎದುರಿಗೇ ಕೂತು ಅವಳೂ ಉಂಡಳು. ಒಡೆದದ್ದು ಕೂಡಿತು ಅಂತ ಇಲ್ಲಿಗೇ ನಿಲ್ಲಿಸಿದರೆ ಓದುವ ನಿಮಗೂ ಹಗುರ, ಬರೆಯುವ ನನಗೂ ಹಗುರ. ಆದರೆ ಊಟದ ನಡುವೆ ಜೈನಾಬಿ ಒಂದು ಮಾತು ಹೇಳಿದಳು. ದೂರಿನ ದನಿಯಲ್ಲಿ ಹೇಳಲಿಲ್ಲ, ಸುಮ್ಮನೆ ಹೇಳಿದಳು.

“ಶಮೀಮ ಮೊನ್ನೆ ಬಂದಾಕಿ ಅಂದ್ಲು. ಅವ್ವಾ, ನಾ ಅಗಸಿ ಬಂದ್ಕೂಡ್ಲೆ ತಯಾರಾಗಿ ತಿರುಗಿ ಕುಂತಿದ್ನಿ, ಮಾವನ ಗಾಡಿ ಇದ್ದಂಗ ಇಲ್ಲೂ ನಿಂದರಸ್ತಾರ ಅಂತ. ಆ ಗಾಡಿ ನಿಂದರಲಿಲ್ಲ ಅಂದ್ಲು. ಧೂಳಾಗ ಏನೂ ಕಾಣಲಿಲ್ಲಂತ.”

ದಸ್ತಗೀರಸಾಬರ ಕೈಯಲ್ಲಿನ ತುತ್ತು ತಾಟಿಗೆ ಇಳಿಯಿತು.

ಹೊರಡುವ ಹೊತ್ತಿಗೆ ಎದ್ದು ನಿಂತು “ಆತು ತಂಗಿ, ಬರ...” ಎಂದು ತಡೆದರು. ಆ ಶಬ್ದ ಬಾಯಿಂದ ಪೂರ್ತಿ ಹೊರಡಲಿಲ್ಲ. “ಹೋಗತೇನಿ” ಎಂದರು. ಜೈನಾಬಿ ಗದರಿದಳು. “ಹಂಗ ಅನಬ್ಯಾಡೋ, ಬರತೇನಿ ಅನ್ನು.” ಅವರು ಅನ್ನಲಿಲ್ಲ, ತಲೆಯಾಡಿಸಿ ಗಾಡಿ ಹತ್ತಿದರು.

ಊರ ಅಗಸಿಯ ಬಳಿ ಬಂದಾಗ ಗಾಡಿ ನಿಂತಿತು. ಹಿಂದಿನ ಸೀಟಿನಲ್ಲಿ ಇದ್ದವಳು ನಾನೊಬ್ಬಳೇ, ತಲೆ ನರೆತ ಟೀಚರು. ದಸ್ತಗೀರಸಾಬರು ಕೆಳಗಿಳಿದರು. ಟಾಯರ್ ನೋಡುವ ನಟನೆ ಮಾಡಲಿಲ್ಲ. ಊರಿನ ಕಡೆ ಮುಖ ಮಾಡಿ ನಿಂತರು. ಎಷ್ಟು ಹೊತ್ತು ಅಂತ ನಾನು ಗಡಿಯಾರ ನೋಡಲಿಲ್ಲ.

ಸರ್ಕಾರ ಆದಷ್ಟು ಬೇಗ ಪರದೇಶದ ನಿಮಿಷಕ್ಕೂ ಒಂದು ದರ ಗೊತ್ತು ಮಾಡಲಿ, ನನ್ನ ಒತ್ತಾಯವೂ ಅದೇ. ಆದರೆ ಕಟಕೋಳದ ಅಗಸಿಯಲ್ಲಿ ಶಮೀಮಳಿಗೆ ಸಿಗಬೇಕಿದ್ದ ಆ ಒಂದು ನಿಮಿಷವನ್ನು ಯಾವ ಅಂಗಡಿಯಲ್ಲಿ ರೀಚಾರ್ಜ್ ಮಾಡಿಸುವುದು?